ಕೊಡಬಾರದ ದಾನ

ಭಟ್ಕಳದಿಂದ ಹೊನ್ನಾವರದತ್ತ ಸಾಗುವ ಹೆದ್ದಾರಿಯಲ್ಲಿ, ಮುರ್ಡೇಶ್ವರದ ನೆರೆಯಲ್ಲಿ ಕಾಯ್ಕಿಣಿ ಗ್ರಾಮವಿದೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಜೈನಧರ್ಮ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇಲ್ಲಿನ ‘ಬಸ್ತಿ’ ಎಂಬ ಸ್ಥಳನಾಮವೇ ಸಾಕ್ಷಿ. ಬಸ್ತಿಯೆಂದರೆ ಬಸದಿ. ಒಳನಾಡಿನಲ್ಲಿ ಸಂಗೀತಪುರವೆಂದು ಹೆಸರಾಗಿದ್ದ ಹಾಡುವಳ್ಳಿ, ದಕ್ಷಿಣಕ್ಕೆ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಉತ್ತರಕ್ಕೆ ಶರಾವತಿಯ ತೀರದ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ. ಪಶ್ಚಿಮಕ್ಕೆ ಕಡಲು. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡುಕಟ್ಟುವ, ಹವಳದ ಬಳಗ ನೆಲೆಸಿರುವ ಈ ನಡುಗಡ್ಡೆಯನ್ನು ನಮ್ಮ ನೌಕಾಪಡೆ ಗುಂಡಿನ ಗುರಿಯಭ್ಯಾಸಕ್ಕೆ ಬಳಸಿಕೊಂಡದ್ದೂ, ಅದಕ್ಕೆ ಪರಿಸರಾಸಕ್ತರು ಆಕ್ಷೇಪ ಎತ್ತಿದ್ದೂ ಈ ಕರಾವಳಿಯ ಜನರಿಗೆ ತಿಳಿದ ಸಂಗತಿ.

ಇನ್ನೂ ಉತ್ತರಕ್ಕೆ, ಕಾರವಾರದಲ್ಲಿ ‘ಕದಂಬ’ ನೌಕಾನೆಲೆಯಿದೆ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಹೀಗೆ ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಬಸದಿಗಳ ನೆಲವೇ ಇಂದು ದೇಶದ ರಕ್ಷಣೆಯ ದೊಡ್ಡ ಭಾರವನ್ನೂ ಹೊತ್ತು ನಿಂತಿದೆ. ಇದು ವಿರೋಧಾಭಾಸವೇ? ಶಸ್ತ್ರಾಸ್ತ್ರಗಳ ಪ್ರಸಾರ, ನೆರೆಹೊರೆಯ ದೇಶಗಳ ಆತಂಕ, ಅಣ್ವಸ್ತ್ರ ನಿಯಂತ್ರಣ ಮುಂತಾದ ವಿಷಯಗಳು ರಾಜಧಾನಿಯ ರಾಜತಂತ್ರಜ್ಞರಿಗೆ ಸೇರಿದವೆಂದು ಶ್ರಾವಕನು ಸುಮ್ಮನಿರಬಹುದೇ? ಜೈನಾಚಾರ್ಯರು ಈ ಪ್ರಶ್ನೆಯ ತಿರುಳನ್ನು ಗೃಹಸ್ಥನ ಮನೆಯಂಗಳಕ್ಕೇ ತಂದಿಟ್ಟಿದ್ದಾರೆ.

ಶಾಸ್ತ್ರದಾನ ಮತ್ತು ಶಸ್ತ್ರದಾನ

ಜೈನ ಗೃಹಸ್ಥನ ಧರ್ಮದಲ್ಲಿ ದಾನಕ್ಕೆ ಹಿರಿಯ ಸ್ಥಾನ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಕನ್ನಡನಾಡು ದಾನಚಿಂತಾಮಣಿಯೆಂದು ಇಂದಿಗೂ ನೆನೆಯುವುದು ಅದೇ ಕಾರಣಕ್ಕೆ. ಆದರೆ ಇಷ್ಟು ದಾನಪ್ರಿಯವಾದ ಧರ್ಮವೇ ಒಂದು ದಾನವನ್ನು ಮಾತ್ರ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಅದು ಹಿಂಸಾದಾನ. ಶಾಸ್ತ್ರದಾನಕ್ಕೂ ಶಸ್ತ್ರದಾನಕ್ಕೂ ಬರವಣಿಗೆಯಲ್ಲಿ ಒಂದು ದೀರ್ಘದ ಅಂತರ. ಫಲದಲ್ಲಿ ಆಕಾಶ ಪಾತಾಳಗಳ ಅಂತರ.

ಐದು ಅಣುವ್ರತಗಳಿಗೆ ಬೇಲಿಯಂತೆ ಕಾವಲು ನಿಲ್ಲುವುವು ಮೂರು ಗುಣವ್ರತಗಳು. ಅವುಗಳಲ್ಲಿ ಒಂದು ಅನರ್ಥದಂಡವಿರತಿ. ಪ್ರಯೋಜನವಿಲ್ಲದೆ ಜೀವಿಗಳಿಗೆ ಕೇಡು ತರುವ ವ್ಯಾಪಾರಗಳಿಂದ ದೂರ ಸರಿಯುವುದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದಾಗಿ ವಿಂಗಡಿಸುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪಾಪಕಾರ್ಯಕ್ಕೆ ಬುದ್ಧಿ ಹೇಳಿಕೊಡುವುದು, ಹಿಂಸೆಯ ಸಾಧನವನ್ನು ಕೈಗೆ ಕೊಡುವುದು, ಪರರ ಕೇಡನ್ನು ಚಿಂತಿಸುತ್ತ ಕೂರುವುದು, ದ್ವೇಷ ಕೆರಳಿಸುವ ಮಾತಿಗೆ ಕಿವಿಗೊಡುವುದು, ಎಚ್ಚರಗೇಡಿತನದಿಂದ ಜೀವಹಾನಿ ಮಾಡುವುದು. ತಂತ್ರಜ್ಞಾನವನ್ನು ಗುಟ್ಟಾಗಿ ಹಂಚುವುದರಿಂದ ಹಿಡಿದು ಯುದ್ಧೋನ್ಮಾದದ ಸುದ್ದಿಯನ್ನು ಕಣ್ಣು ಕೀಳದೆ ನೋಡುವುದರವರೆಗೆ, ಇಂದಿನ ಲೋಕದ ಸಂಕಟವೆಲ್ಲ ಈ ಐದರೊಳಗೆ ಅಡಕವಾಗಿದೆ.

ಹಿಂಸಾದಾನದ ವಿವರಣೆಯಲ್ಲಿ ಒಂದು ಸೂಕ್ಷ್ಮವಿದೆ. ಆಚಾರ್ಯರು ಕೊಡಬಾರದೆಂದು ಹೇಳುವ ವಸ್ತುಗಳಲ್ಲಿ ಖಡ್ಗ, ಸಂಕೋಲೆಗಳಷ್ಟೇ ಇಲ್ಲ. ಕೊಡಲಿ, ಗುದ್ದಲಿ, ಬೆಂಕಿಗಳೂ ಇವೆ. ಇವು ರೈತನ ಮನೆಯಲ್ಲಿ ನಿತ್ಯವೂ ಬೇಕಾದ ಸಾಮಾನುಗಳು. ಕೊಡಲಿ ಸೌದೆಯನ್ನೂ ಸೀಳುತ್ತದೆ, ತಲೆಯನ್ನೂ ಸೀಳುತ್ತದೆ. ಬೆಂಕಿ ಅನ್ನವನ್ನೂ ಬೇಯಿಸುತ್ತದೆ, ನೆರೆಮನೆಯನ್ನೂ ಸುಡುತ್ತದೆ. ಹಾಗಾದರೆ ಒಲೆ ಹೊತ್ತಿಸಲು ಕೆಂಡ ಕೇಳಿ ಬಂದವಳಿಗೆ ಇಲ್ಲವೆನ್ನಬೇಕೇ? 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ತೊಡಕನ್ನು ಬಿಡಿಸುತ್ತಾರೆ. ಅವರ ಅಭಿಪ್ರಾಯದ ಸಾರ ಇಷ್ಟು: ವಿಷ, ಆಯುಧಗಳನ್ನು ಕೊಡುವುದನ್ನು ಬಿಟ್ಟೇಬಿಡಬೇಕು; ಅಡುಗೆಯ ಬೆಂಕಿಯಂಥದ್ದನ್ನು ಕೊಡುಕೊಳ್ಳುವ ಬಳಕೆ, ದಾಕ್ಷಿಣ್ಯಗಳಿರುವ ಪರಿಚಿತರಿಗಷ್ಟೇ ಕೊಡಬೇಕು.

ಕೇಳುವವರು ಯಾರು, ಏತಕ್ಕಾಗಿ ಕೇಳುತ್ತಾರೆ, ನಾಳೆ ಅದು ಯಾರ ಕೈ ಸೇರುತ್ತದೆ? ಇಂದು ಅಂತರರಾಷ್ಟ್ರೀಯ ಶಸ್ತ್ರ ನಿಯಂತ್ರಣ ಕೂಟಗಳು ಕೇಳುವುದು ಇದೇ ಮೂರು ಪ್ರಶ್ನೆಗಳನ್ನು. ಶಾಂತಿಗೂ ಯುದ್ಧಕ್ಕೂ ಒದಗುವ ರಾಸಾಯನಿಕ, ಯಂತ್ರ, ತಂತ್ರಜ್ಞಾನಗಳನ್ನು ‘ದ್ವಿಬಳಕೆಯ ವಸ್ತು’ಗಳೆಂದು ಪಟ್ಟಿ ಮಾಡಿ ಭಾರತ ಸರ್ಕಾರವೂ ಅವುಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದೆ. ಕೊಡಲಿ ಮತ್ತು ಕೆಂಡದ ಬಗ್ಗೆ ಆಚಾರ್ಯರು ತೋರಿದ ಎಚ್ಚರವನ್ನೇ ಈ ಪಟ್ಟಿಯೂ ತೋರುತ್ತದೆ.

ಕುದುರೆಯ ಬಂದರಿನ ಪಾಠ

ಶಸ್ತ್ರಪ್ರಸಾರದ ಸಮಸ್ಯೆ ಕಾಯ್ಕಿಣಿಯ ನೆರೆಹೊರೆಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಯುದ್ಧದ ಗೆಲವು ಸೋಲುಗಳನ್ನು ನಿರ್ಣಯಿಸುತ್ತಿದ್ದ ಮುಖ್ಯ ಸಾಧನ ಕುದುರೆ. ಒಳ್ಳೆಯ ತಳಿಯ ಕುದುರೆಗಳು ಅರಬಸ್ತಾನ, ಪರ್ಷಿಯಾಗಳಿಂದ ಹಡಗೇರಿ ಬರಬೇಕಿತ್ತು. ಅವು ಇಳಿಯುತ್ತಿದ್ದ ಪ್ರಮುಖ ಬಂದರುಗಳಲ್ಲಿ ಭಟ್ಕಳವೂ ಒಂದು. ಕುದುರೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರ ಮೇಲೆ ವಿಜಯನಗರ ಮತ್ತು ಬಹಮನಿ ರಾಜ್ಯಗಳ ಬಲಾಬಲ ನಿಂತಿತ್ತು.

15ನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಒಂದು ಘಟನೆಯನ್ನು ಪೋರ್ಚುಗೀಸ್ ಇತಿಹಾಸಕಾರ ಜೊವಾಂವ್ ದೆ ಬಾರೋಸ್ ದಾಖಲಿಸಿದ್ದಾನೆ. ಭಟ್ಕಳದ ಮುಸ್ಲಿಮ್ ವರ್ತಕರು ಬಹಮನಿಯವರಿಗೂ ಕುದುರೆ ಮಾರಿದರೆಂದು ಕುಪಿತನಾದ ವಿಜಯನಗರದ ಅರಸ, ಅವರನ್ನು ಕೊಲ್ಲುವಂತೆ ಹೊನ್ನಾವರದ ಸಾಮಂತನಿಗೆ ಆಜ್ಞೆ ಮಾಡಿದ. ಸತ್ತವರ ಸಂಖ್ಯೆ 10,000 ಎಂದು ಬಾರೋಸ್ ಹೇಳುತ್ತಾನೆ. ಹಳೆಯ ಚರಿತ್ರಕಾರರ ಸಂಖ್ಯೆಗಳು ಹಿಗ್ಗುವುದುಂಟು. ಆದರೆ ಒಂದೇ ಒಂದು ಕುಟುಂಬ ಅಳಿದಿದ್ದರೂ ಅದು ಘೋರವೇ. ವ್ಯಾಪಾರಿಗಳ ತಪ್ಪೇನು, ಅರಸನ ಭಯವೇನು ಎಂದು ಇಂದು ತೂಗಿ ನೋಡಬಹುದು. ಅವರ ಮಕ್ಕಳು ಮಾಡಿದ ತಪ್ಪೇನು?

ಇಷ್ಟು ರಕ್ತ ಹರಿದ ಮೇಲೆ ಶತ್ರುವಿಗೆ ಕುದುರೆ ಸಿಗುವುದು ನಿಂತಿತೇ? ಇಲ್ಲ. ಬದುಕುಳಿದವರು ಗೋವೆಗೆ ಹೋಗಿ ನೆಲೆಸಿದರು. ಗೋವೆ ಕುದುರೆ ವ್ಯಾಪಾರದ ದೊಡ್ಡ ಬಂದರಾಗಿ ಬೆಳೆಯಿತು. ಆ ಬಂದರಿನಿಂದ ಮೊದಲು ಬಹಮನಿಗೆ, ಆ ಮೇಲೆ ಬಿಜಾಪುರಕ್ಕೆ ಕುದುರೆಗಳು ಸಾಗಿದವು. ಕೊಲೆಯಿಂದ ವ್ಯಾಪಾರದ ಊರು ಬದಲಾಯಿತು, ವ್ಯಾಪಾರ ಉಳಿಯಿತು. ಹಿಂಸೆಯ ಸಾಧನವನ್ನು ತಡೆಯಲು ಹಿಂಸೆಯನ್ನೇ ಬಳಸಿದ್ದರ ಫಲ ಇದು.

ಎರಡನೆಯ ಪ್ರಯತ್ನ ಒಪ್ಪಂದದ ರೂಪದಲ್ಲಿ ಬಂತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಗಿತ್ತು. 1547ರ ಸೆಪ್ಟೆಂಬರ್ 19ರಂದು ಪೋರ್ಚುಗೀಸ್ ಗವರ್ನರ್ ಜೊವಾಂವ್ ದೆ ಕಾಸ್ತ್ರೊ ಮತ್ತು ವಿಜಯನಗರದ ಸದಾಶಿವರಾಯನ ನಡುವೆ ಸಂಧಿಯಾಯಿತು. ಗೋವೆಯಲ್ಲಿ ಇಳಿಯುವ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಒಂದೂ ಹೋಗಕೂಡದು ಎಂಬುದು ಅದರ ಮುಖ್ಯ ಕರಾರು. ಆಯುಧಕ್ಕೆ ಬೇಕಾದ ಕಬ್ಬಿಣ, ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪುಗಳ ವಹಿವಾಟು ಬಿಜಾಪುರದ ಕೈ ತಪ್ಪಿ ಪೋರ್ಚುಗೀಸರ ಕೈಯ ಮೂಲಕ ಸಾಗುವಂತೆಯೂ ಕಟ್ಟು ಮಾಡಲಾಯಿತು. ಇಂದಿನ ರಫ್ತು ನಿಯಂತ್ರಣದ ಪೂರ್ವರೂಪವೊಂದು ನಮ್ಮ ಕರಾವಳಿಯಲ್ಲಿ ನಾಲ್ಕು ನೂರು ವರ್ಷಗಳಿಗೂ ಹಿಂದೆಯೇ ಇತ್ತೆಂದು ಇದರಿಂದ ತಿಳಿಯುತ್ತದೆ.

ಆದರೆ ಈ ಸಂಧಿಯೂ ಬಾಳಲಿಲ್ಲ. 1548ರಲ್ಲೇ ಪೋರ್ಚುಗೀಸರು ಬಿಜಾಪುರದೊಂದಿಗೂ ಒಪ್ಪಂದ ಮಾಡಿಕೊಂಡರು. ಇದರಲ್ಲಿ ಆಶ್ಚರ್ಯವಿಲ್ಲ. 1542ರಲ್ಲಿ ಭಟ್ಕಳವನ್ನು ಸುಟ್ಟು ಸೂರೆ ಮಾಡಿದವರೂ ಅವರೇ. ಕೊಡದಿರುವುದು ಅವರಿಗೆ ವ್ರತವಾಗಿರಲಿಲ್ಲ, ಲಾಭದ ಒಂದು ಲೆಕ್ಕವಾಗಿತ್ತು. ಲೆಕ್ಕ ಬದಲಾದೊಡನೆ ಮಾತೂ ಬದಲಾಯಿತು. ತನ್ನನ್ನು ತಾನು ಕಟ್ಟಿಕೊಳ್ಳದವನು ಇನ್ನೊಬ್ಬನಿಗೆ ಹಾಕುವ ಕಟ್ಟು ಹೆಚ್ಚು ದಿನ ನಿಲ್ಲದೆಂಬುದು ಈ ಕುದುರೆಯ ಬಂದರುಗಳು ಕಲಿಸುವ ಪಾಠ.

ರಕ್ಷಣೆ ಬೇರೆ, ಪ್ರಸಾರ ಬೇರೆ

ಇದೇ ಕಾಲದಲ್ಲಿ ಗೇರುಸೊಪ್ಪೆಯನ್ನು ಆಳಿದವಳು ಜೈನಧರ್ಮೀಯಳಾದ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಅವಳ ಆಳ್ವಿಕೆ. ಪೋರ್ಚುಗೀಸರು ಅವಳನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. 1569ರಲ್ಲಿ ಹೊನ್ನಾವರದ ಕೋಟೆಯನ್ನು ಅವಳಿಂದ ಕಿತ್ತುಕೊಂಡರು. ಬಸದಿಗಳಿಗೆ ದತ್ತಿ ಬಿಟ್ಟ ಕೈಯೇ ಕಡಲಿನಿಂದ ಬಂದವರ ವಿರುದ್ಧ ಸೈನ್ಯವನ್ನೂ ನಡೆಸಿತು. ಅವಳು ಧರ್ಮ ಬಿಟ್ಟಳೇ?

ಬಿಡಲಿಲ್ಲವೆಂದೇ ಶ್ರಾವಕಾಚಾರ ಹೇಳುತ್ತದೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಪರಂಪರೆ, ಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕೆನ್ನುತ್ತದೆ. ಮನೆ, ಮಕ್ಕಳು, ನಾಡು, ಧರ್ಮಗಳ ಮೇಲೆ ಎರಗಿದವನನ್ನು ಎದುರಿಸುವಾಗ ಅನಿವಾರ್ಯವಾಗಿ ಘಟಿಸುವ ವಿರೋಧಿ ಹಿಂಸೆಯನ್ನು ಅವನಿಗೆ ಸಂಪೂರ್ಣ ನಿಷೇಧಿಸಿಲ್ಲ. ಅದು ಪಾಪವಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಅಳತೆ ಮೀರದಿರಲಿ, ದ್ವೇಷ ಬೇರೂರದಿರಲಿ ಎಂದಿದ್ದಾರೆ. ಕಾರವಾರದ ನೌಕಾನೆಲೆಯನ್ನು ಶ್ರಾವಕನು ನೋಡಬೇಕಾದದ್ದು ಈ ದೃಷ್ಟಿಯಿಂದ. ಬಾಗಿಲಿಗೆ ಅಗುಳಿ ಹಾಕುವುದು ಬೇರೆ. ಬೀದಿಯಲ್ಲಿ ನಿಂತು ಕತ್ತಿ ಹಂಚುವುದು ಬೇರೆ.

ಈ ವ್ಯತ್ಯಾಸ ನಮ್ಮ ಮಲೆನಾಡು ಕರಾವಳಿಯ ರೈತರಿಗೆ ಅನುಭವದಿಂದ ಗೊತ್ತು. ಕಾಡುಹಂದಿಯಿಂದ ತೋಟ ಕಾಯಲು ಪರವಾನಗಿಯ ಕೋವಿ ಇಟ್ಟುಕೊಂಡವರು ಅದನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಅಡಕೆ, ಭತ್ತ ಹಂದಿಯ ಪಾಲಾಗುತ್ತದೆಂಬ ಗೊಣಗಾಟ ಪ್ರತಿ ಸಲವೂ ಇರುತ್ತದೆ. ಆದರೂ ಕೋವಿ ಠಾಣೆ ಸೇರುತ್ತದೆ. ತನಗೆ ನಷ್ಟವಾದರೂ ಊರಿನ ಅಭಯಕ್ಕಾಗಿ ಒಪ್ಪಿಕೊಳ್ಳುವ ಈ ಕಟ್ಟುಪಾಡು ಗುಣವ್ರತಕ್ಕೆ ಬಹಳ ದೂರದ್ದೇನಲ್ಲ.

ಭಾರತ ತಾನೇ ಹಾಕಿಕೊಂಡ ಕಟ್ಟು

ಅಣ್ವಸ್ತ್ರಗಳ ವಿಷಯದಲ್ಲಿ ಜಗತ್ತು ಕೈಗೊಂಡ ದೊಡ್ಡ ಪ್ರಯತ್ನ 1968ರ ಪ್ರಸರಣ ನಿರೋಧ ಒಪ್ಪಂದ. 1967ರ ಜನವರಿ 1ಕ್ಕೆ ಮೊದಲೇ ಸ್ಫೋಟ ನಡೆಸಿದ್ದ ಐದು ದೇಶಗಳಿಗೆ ಅದರಲ್ಲಿ ಒಂದು ಸ್ಥಾನ. ಉಳಿದವರಿಗೆ ಬೇರೊಂದು ಸ್ಥಾನ. ಉಳಿದವರು ಅಣ್ವಸ್ತ್ರದ ಆಸೆ ಬಿಡಬೇಕು. ಐವರು ನಿಶ್ಶಸ್ತ್ರೀಕರಣದ ಕುರಿತು ಸದ್ಭಾವದಿಂದ ಮಾತುಕತೆ ನಡೆಸಬೇಕು. ಭಾರತ ಸಹಿ ಹಾಕಲಿಲ್ಲ. ಪರಿಗ್ರಹವನ್ನು ತಾನು ಉಳಿಸಿಕೊಂಡು ಇನ್ನೊಬ್ಬರಿಗೆ ಅಪರಿಗ್ರಹ ವ್ರತ ಕೊಡಿಸುವುದು ಜೈನದೃಷ್ಟಿಗೂ ಸಲ್ಲದ ಮಾತೇ. 1954ರಲ್ಲಿ ಸ್ಫೋಟ ಪರೀಕ್ಷೆಗಳನ್ನು ನಿಲ್ಲಿಸೋಣವೆಂದು ಕೇಳಿದ ನೆಹರೂ, 1988ರಲ್ಲಿ ವಿಶ್ವಸಂಸ್ಥೆಯ ಮುಂದೆ ಹಂತಹಂತವಾಗಿ 2010ರೊಳಗೆ ಅಣ್ವಸ್ತ್ರಮುಕ್ತ ಜಗತ್ತಿನ ಯೋಜನೆ ಇಟ್ಟ ರಾಜೀವ್ ಗಾಂಧಿ, ಇಬ್ಬರ ಬೇಡಿಕೆಯೂ ಒಂದೇ: ವ್ರತ ಎಲ್ಲರಿಗೂ ಸಮನಾಗಿರಲಿ.

ಭಾರತದ ಕಡೆಯಲ್ಲೂ ಪ್ರತಿಕ್ರಮಣಕ್ಕೆ ಕಾರಣಗಳಿವೆ. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಬಂದದ್ದು ಶಾಂತಿಯುತ ಬಳಕೆಗೆಂದು ಕೆನಡಾ ನೀಡಿದ್ದ ಸೈರಸ್ ರಿಯಾಕ್ಟರಿನಿಂದ. ಸ್ಫೋಟವೂ ಶಾಂತಿಯುತವೆಂದು ದೆಹಲಿ ವಾದಿಸಿತು. ಒಲೆಗೆಂದು ಕೊಟ್ಟ ಕೆಂಡ ಬೇರೆಡೆ ಹೋಯಿತೆಂದು ಕೊಟ್ಟವರು ನೊಂದರು. ಅಣು ಸರಬರಾಜುದಾರ ದೇಶಗಳ ಕೂಟ ಹುಟ್ಟಿದ್ದೇ ಅದರ ಬೆನ್ನಿಗೆ. 1998ರ ಮೇ ತಿಂಗಳಿನಲ್ಲಿ ಭಾರತ ಮತ್ತೆ ಪರೀಕ್ಷೆ ನಡೆಸಿದಾಗ ಅದೇ ತಿಂಗಳು ಪಾಕಿಸ್ತಾನವೂ ನಡೆಸಿತು. ಚೀನಾ 1964ರಲ್ಲೇ ನಡೆಸಿತ್ತು. ಒಂದು ಶಸ್ತ್ರ ಮತ್ತೊಂದು ಶಸ್ತ್ರವನ್ನು ಹೆರುತ್ತದೆ; ಆ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ.

ಆದರೆ ಹಿಂಸಾದಾನದ ಒರೆಗಲ್ಲಿಗೆ ಹಚ್ಚಿದಾಗ ಭಾರತದ ನಡೆ ಗಮನಾರ್ಹ. ಅಣ್ವಸ್ತ್ರದ ವಿದ್ಯೆಯನ್ನು ಅದು ಯಾವ ದೇಶಕ್ಕೂ ಕೊಟ್ಟಿಲ್ಲ. ನೆರೆಯ ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯೂ. ಖಾನ್ ಇರಾನ್, ಲಿಬಿಯಾ, ಉತ್ತರ ಕೊರಿಯಾಗಳಿಗೆ ಅಣುತಂತ್ರಜ್ಞಾನ ದಾಟಿಸಿದ್ದನ್ನು 2004ರಲ್ಲಿ ದೂರದರ್ಶನದ ಮುಂದೆ ಒಪ್ಪಿಕೊಂಡದ್ದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. 1999ರಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಸಕ್ಕರೆ ಹೊತ್ತು ಬಂದ ಉತ್ತರ ಕೊರಿಯಾದ ‘ಕು ವೋಲ್ ಸಾನ್’ ಹಡಗನ್ನು ಶೋಧಿಸಿದಾಗ, ನೀರು ಶುದ್ಧೀಕರಣದ ಯಂತ್ರಗಳೆಂದು ಬರೆದಿದ್ದ ಪೆಟ್ಟಿಗೆಗಳಲ್ಲಿ ಕ್ಷಿಪಣಿಯ ಭಾಗಗಳು ಸಿಕ್ಕವು. ಕುದುರೆಗಳ ಕಾಲ ಮುಗಿದರೂ ಬಂದರಿನ ಎಚ್ಚರ ಮುಗಿಯುವಂತಿಲ್ಲ.

ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದಕ್ಕೆ ಸೇರಿದ ಭಾರತ 1997ರಲ್ಲಿ ತನ್ನಲ್ಲಿ ಅಂಥ ದಾಸ್ತಾನು ಇದೆಯೆಂದು ಘೋಷಿಸಿ, 2009ರ ವೇಳೆಗೆ ಅಂತರರಾಷ್ಟ್ರೀಯ ಪರಿಶೀಲಕರ ಕಣ್ಣೆದುರಿನಲ್ಲಿ ಎಲ್ಲವನ್ನೂ ನಾಶಗೊಳಿಸಿತು. ಇದ್ದದ್ದನ್ನು ಒಪ್ಪಿಕೊಳ್ಳುವುದು ಆಲೋಚನೆ, ಬಿಡುವುದು ಪ್ರತ್ಯಾಖ್ಯಾನ ಎನ್ನುವ ಜೈನ ಕ್ರಮಕ್ಕೆ ಇದು ಹತ್ತಿರದ ನಿದರ್ಶನ. 2003ರಲ್ಲಿ ಪ್ರಕಟವಾದ ಅಣ್ವಸ್ತ್ರ ನೀತಿಯಲ್ಲಿ ತಾನು ಮೊದಲು ಬಳಸುವುದಿಲ್ಲವೆಂಬ ವಚನವಿದೆ. 2005ರ ಕಾನೂನು ಸಾಮೂಹಿಕ ವಿನಾಶದ ಅಸ್ತ್ರಗಳನ್ನೂ ಅವುಗಳ ವಾಹನಗಳನ್ನೂ ಅಕ್ರಮವಾಗಿ ದಾಟಿಸುವುದನ್ನು ಅಪರಾಧವಾಗಿಸಿತು. 2022ರ ತಿದ್ದುಪಡಿ ಅಂಥ ಕೆಲಸಕ್ಕೆ ಹಣ ಒದಗಿಸುವುದನ್ನೂ ನಿಷೇಧಿಸಿತು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂಬ ಕೃತ, ಕಾರಿತ, ಅನುಮೋದನೆಗಳ ತತ್ತ್ವ ಜೈನರಿಗೆ ಹೊಸದಲ್ಲ. 2016ರಿಂದ 2018ರೊಳಗೆ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ, ವಾಸೆನಾರ್ ವ್ಯವಸ್ಥೆ, ಆಸ್ಟ್ರೇಲಿಯಾ ಗುಂಪುಗಳಿಗೆ ಭಾರತ ಸೇರ್ಪಡೆಯಾದದ್ದು ಈ ಸಂಯಮಕ್ಕೆ ದೊರೆತ ಮನ್ನಣೆ.

ಹಗೆತನದ ನಡುವೆಯೂ ಉಳಿದುಬಂದ ಇನ್ನೊಂದು ಸಣ್ಣ ದೀಪವಿದೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಿಕೊಂಡವು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಯುದ್ಧವಾಗಲಿ, ಸಂಸತ್ತಿನ ಮೇಲಿನ ದಾಳಿಯ ನಂತರದ ಸೇನಾ ಜಮಾವಣೆಯಾಗಲಿ ಈ ಪದ್ಧತಿಯನ್ನು ಮುರಿಯಲಿಲ್ಲ. ಕೈಗಾದ ನೆರಳಿನಲ್ಲಿ ಬದುಕುವ ಉತ್ತರ ಕನ್ನಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇದು ಎರಡು ಸರ್ಕಾರಗಳು ಒಂದಕ್ಕೊಂದು ಕೊಟ್ಟುಕೊಂಡ ಅಭಯದಾನ.

ಶ್ರಾವಕನ ಖಾತೆ ಪುಸ್ತಕ

ಇಷ್ಟರಿಂದಲೇ ತೃಪ್ತರಾಗುವಂತಿಲ್ಲ. ಪರೀಕ್ಷೆ ಈಗ ಹೊಸ ರೂಪದಲ್ಲಿ ಬಂದಿದೆ. ಬಹುಕಾಲ ಶಸ್ತ್ರ ಕೊಳ್ಳುವ ದೇಶವಾಗಿದ್ದ ಭಾರತ ಈಗ ಮಾರುವ ದೇಶವೂ ಆಗುತ್ತಿದೆ. 2024–25ರಲ್ಲಿ ರಕ್ಷಣಾ ರಫ್ತು 23,622 ಕೋಟಿ ರೂಪಾಯಿಗೆ ಏರಿತು. ಬ್ರಹ್ಮೋಸ್ ಕ್ಷಿಪಣಿಗಳು 2022ರ ಒಪ್ಪಂದದಂತೆ ಫಿಲಿಪೈನ್ಸ್ ತಲುಪಿವೆ. ತನ್ನ ಕಡಲನ್ನು ಕಾಯಲು ಹೆಣಗುವ ಸಣ್ಣ ದೇಶಕ್ಕೆ ನೆರವಾಗುವುದು ತಪ್ಪೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಆಶಾಧರರ ಎಚ್ಚರ ನೆನಪಿರಲಿ. ಪಡೆಯುವವರು ಯಾರು, ಏತಕ್ಕೆ, ಮುಂದೆ ಯಾರ ಕೈಗೆ ಎಂಬ ಪ್ರಶ್ನೆಗಳು ರಫ್ತಿನ ಅಂಕಿ ಏರಿದಂತೆಲ್ಲ ಸದ್ದಡಗಬಾರದು. ಕೊಡದಿದ್ದಾಗ ಗಳಿಸಿದ ಹೆಸರನ್ನು ಕೊಡುವಾಗ ಕಳೆದುಕೊಳ್ಳುವುದು ಸುಲಭ.

ಈ ಪ್ರಶ್ನೆ ಸರ್ಕಾರದ ಕಚೇರಿಯಲ್ಲೇ ನಿಲ್ಲುವುದಿಲ್ಲ. ವ್ಯಾಪಾರ ಮತ್ತು ಹೂಡಿಕೆ ಜೈನ ಸಮಾಜಕ್ಕೆ ಹಳೆಯ ನಂಟು. ರಕ್ಷಣಾ ಕಂಪನಿಗಳ ಷೇರು ಏರುತ್ತಿರುವ ಈ ದಿನಗಳಲ್ಲಿ, ಗಡಿಯಲ್ಲಿ ಗುಂಡಿನ ಸದ್ದು ಕೇಳಿದೊಡನೆ ಮೊಬೈಲಿನಲ್ಲಿ ಷೇರಿನ ದರ ನೋಡುವ ಕೈ ಶ್ರಾವಕನದಾಗಿದ್ದರೆ? ರಾತ್ರಿ ಊಟ ಬಿಟ್ಟು, ಗೆಡ್ಡೆಗೆಣಸು ಬಿಟ್ಟು, ನೀರು ಸೋಸಿ ಕುಡಿಯುವ ಮನೆಯ ಲೆಕ್ಕದ ಪುಸ್ತಕದಲ್ಲಿ ದೂರದ ಯುದ್ಧವೊಂದು ಲಾಭವಾಗಿ ಜಮೆಯಾಗುತ್ತಿದ್ದರೆ? ವಿಷದ ವ್ಯಾಪಾರವನ್ನು ಶ್ರಾವಕನಿಗೆ ನಿಷಿದ್ಧವಾದ ಕರ್ಮಾದಾನಗಳಲ್ಲಿ ಸೇರಿಸಿದ ಪರಂಪರೆಯವರು ಈ ಪ್ರಶ್ನೆಗೆ ಕಿವುಡಾಗುವಂತಿಲ್ಲ. ದೇಶರಕ್ಷಣೆಗೆ ಸಲ್ಲುವ ದುಡಿಮೆ ವಿರೋಧಿ ಹಿಂಸೆಯ ಮಿತಿಯೊಳಗೆ ಬರಬಹುದು. ಯುದ್ಧ ಬರಲಿ, ದರ ಏರಲಿ ಎಂಬ ಹಾರೈಕೆ ಮಾತ್ರ ನೇರವಾಗಿ ಅಪಧ್ಯಾನ. ಆ ಗೆರೆ ಎಲ್ಲಿದೆಯೆಂದು ಪ್ರತಿಯೊಬ್ಬ ಗೃಹಸ್ಥನೂ ತನ್ನ ಸಾಮಾಯಿಕದಲ್ಲಿ ತಾನೇ ಹುಡುಕಿಕೊಳ್ಳಬೇಕು.

ಜೈನಕುಲದಲ್ಲಿ ಹುಟ್ಟಿದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿಯವರು 1948ರಲ್ಲಿ ರಕ್ಷಣಾ ಸಚಿವಾಲಯದ ಮೊದಲ ವೈಜ್ಞಾನಿಕ ಸಲಹೆಗಾರರಾದರು. ಅಣುಸ್ಫೋಟಗಳು ಜೀವಲೋಕಕ್ಕೆ ತರುವ ಪರಿಣಾಮಗಳನ್ನು ಕುರಿತು 1956ರಲ್ಲಿ ಅವರು ಸಿದ್ಧಪಡಿಸಿದ ಗ್ರಂಥಕ್ಕೆ ನೆಹರೂ ಮುನ್ನುಡಿ ಬರೆದರು. ಶ್ವೇತಾಂಬರ ಪರಂಪರೆ ಕಾಪಿಟ್ಟುಕೊಂಡು ಬಂದ ಆಚಾರಾಂಗದ ಮೊದಲ ಅಧ್ಯಯನದ ಹೆಸರು ‘ಶಸ್ತ್ರಪರಿಜ್ಞೆ’. ಶಸ್ತ್ರವೆಂದರೆ ಇಲ್ಲಿ ಖಡ್ಗ ಮಾತ್ರವಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರಗಳಲ್ಲಿರುವ ಜೀವಿಗಳನ್ನು ನೋಯಿಸುವುದೆಲ್ಲವೂ ಶಸ್ತ್ರವೇ. ಪರಿಜ್ಞೆಗೆ ಎರಡು ಹೆಜ್ಜೆ: ಮೊದಲು ಅದನ್ನು ಚೆನ್ನಾಗಿ ಅರಿಯುವುದು, ಆ ಮೇಲೆ ಬಿಡುವುದು. ಕೊಠಾರಿಯವರ ಗ್ರಂಥ ಮೊದಲ ಹೆಜ್ಜೆಯನ್ನು ಇಟ್ಟಿತ್ತು. ಎರಡನೆಯದು ಇನ್ನೂ ಜಗತ್ತಿನ ಪಾಲಿಗೆ ಬಾಕಿಯಿದೆ.

ರಾಷ್ಟ್ರಗಳು ಮುನಿಗಳಂತೆ ಮಹಾವ್ರತ ತೊಡಲಾರವು. ಅವು ತೊಡಬಹುದಾದದ್ದು ಅಣುವ್ರತ. ತಮ್ಮ ಶಕ್ತಿಗೆ ತಕ್ಕ, ತಾವಾಗಿಯೇ ಸ್ವೀಕರಿಸಿದ, ಮುರಿಯದೆ ಪಾಲಿಸಿದ ಸಣ್ಣ ಕಟ್ಟುಗಳು. ಅಣ್ವಸ್ತ್ರದ ಯುಗಕ್ಕೆ ಅಣುವ್ರತದ ಉತ್ತರ ಚಿಕ್ಕದೆನಿಸಬಹುದು. ಆದರೆ ಕೊಲ್ಲಿಸಿ ತಡೆಯಲು ಹೊರಟ ಅರಸನ ಆಜ್ಞೆಯೂ, ಲಾಭಕ್ಕೆ ತಡೆಯಲು ಹೊರಟ ಗವರ್ನರನ ಸಂಧಿಯೂ ಭಟ್ಕಳದ ಅಳಿವೆಯಲ್ಲಿ ಕೊಚ್ಚಿಹೋದವು. ಅಭಯದಾನವನ್ನು ಕೊಡಬಲ್ಲವನು ಹಿಂಸಾದಾನವನ್ನು ಬಿಟ್ಟವನು ಮಾತ್ರ. ನೇತ್ರಾಣಿಯ ಬಂಡೆಯ ಮೇಲಿನ ಹದ್ದಿನ ಮರಿಗೂ, ಕಾಯ್ಕಿಣಿಯ ಮನೆಯಂಗಳದ ಮಗುವಿಗೂ, ಗಡಿಯಾಚೆಯ ಮಗುವಿಗೂ ಬೇಕಾದದ್ದು ಆ ಒಂದು ದಾನವೇ.